ಕೇಳಿ ಹೋದ ಮೇಲೆ ಉತ್ತರವನ್ನೂ ವಾಪಸ್ ಕೊಡಿ: ಕೀನ್ಯಾಗೆ ಸಮೀಕ್ಷೆಗೆ ಹೊರಟವರಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ಗೆಳೆಯ ಗೆಳತಿಯರೇ,

ಅರ್ಥಶಾಸ್ತ್ರದಲ್ಲೋ ಸಮಾಜಶಾಸ್ತ್ರದಲ್ಲೋ ಎಂ.ಎ. ಮುಗಿಸಿ, ಕೀನ್ಯಾದ ಯಾವುದಾದರೂ ಸಂಶೋಧನಾ ಯೋಜನೆಯಲ್ಲಿ ಕೆಲಸ ಸಿಕ್ಕಿ ಹೊರಟಿರುವ ನಿಮ್ಮಂಥವರಿಗೆ ಈ ಪತ್ರ. ನಿಮ್ಮನ್ನು ಕಳಿಸುತ್ತಿರುವ ಸಂಸ್ಥೆಗಳಿಗೂ ಅವುಗಳಿಗೆ ಹಣ ಕೊಡುವವರಿಗೂ ಇದು ತಲುಪಲಿ ಅಂತ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ನಾನೂ ಇದೇ ಕೆಲಸ ಹಿಡಿದು ಪಶ್ಚಿಮ ಕೀನ್ಯಾದಲ್ಲಿ ಕೆಲವು ವರ್ಷ ಇದ್ದವನು. ಆ ಊರುಗಳ ಮೇಲೆ, ಆ ಜನರ ಮೇಲೆ ನನಗಿರುವ ಪ್ರೀತಿ ಮತ್ತು ಋಣ ಎರಡೂ ಸೇರಿ ಇದನ್ನು ಬರೆಸುತ್ತಿವೆ.

ಹೇಳಬೇಕಾದದ್ದು ಒಂದೇ ಮಾತು. ಕೀನ್ಯಾದ ಬಡವರನ್ನು ಕೇಳಿ ಕೇಳಿ ಜಗತ್ತು ಬಹಳ ಕಲಿತಿದೆ. ಕಲಿತದ್ದನ್ನು ಅವರಿಗೆ ಹೇಳಿದ್ದು ಮಾತ್ರ ಕಡಿಮೆ. ಯಾವ ಪ್ರಶ್ನೆ ಕೇಳಬೇಕು ಅಂತ ಅವರನ್ನು ಕೇಳಿದ್ದು ಇನ್ನೂ ಕಡಿಮೆ. ಇದು ಬದಲಾಗಬೇಕು. ಬದಲಾಯಿಸುವ ಶಕ್ತಿ ನಿಮ್ಮ ಕೈಯಲ್ಲಿ ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಇದೆ.

ಮೊದಲು, ಏನು ಕಲಿತೆವು ಅನ್ನೋದನ್ನು ನೋಡಿ. ಉಗಾಂಡದ ಗಡಿಗೆ ಅಂಟಿಕೊಂಡ ಬುಸಿಯಾ ಜಿಲ್ಲೆಯಲ್ಲಿ 1998ರಲ್ಲಿ 75 ಪ್ರಾಥಮಿಕ ಶಾಲೆಗಳನ್ನು ಗುಂಪುಗಳಾಗಿ ವಿಂಗಡಿಸಿ, ಒಂದೊಂದು ಗುಂಪಿಗೆ ಒಂದೊಂದು ವರ್ಷದಿಂದ ಜಂತುಹುಳುವಿನ ಮಾತ್ರೆ ಕೊಡಲು ಶುರು ಮಾಡಿದರು. ಎಡ್ವರ್ಡ್ ಮಿಗೆಲ್ ಮತ್ತು ಮೈಕೆಲ್ ಕ್ರೇಮರ್ ಮಾಡಿದ ಅಧ್ಯಯನ ಅದು. ಮಾತ್ರೆ ಕೊಟ್ಟ ಶಾಲೆಗಳಲ್ಲಿ ಮಕ್ಕಳ ಗೈರುಹಾಜರಿ ಸುಮಾರು ಕಾಲು ಭಾಗ ಕಡಿಮೆಯಾಯಿತು. 2004ರಲ್ಲಿ ಪ್ರಕಟವಾದ ಆ ಪ್ರಬಂಧದ ಲೆಕ್ಕವನ್ನು ಆಮೇಲೆ ಬೇರೆಯವರು ಮತ್ತೆ ಮಾಡಿ ನೋಡಿ, ತಪ್ಪುಗಳನ್ನು ತೋರಿಸಿದರು. ದೊಡ್ಡ ಜಗಳವೇ ಆಯಿತು. ಆದರೆ ಶಾಲೆಯಲ್ಲೇ ಮಾತ್ರೆ ಕೊಡುವುದು ಅಗ್ಗದ, ಸುಲಭದ ದಾರಿ ಅನ್ನುವ ವಾದಕ್ಕೆ ಬುಸಿಯಾ ಮಕ್ಕಳೇ ಆಧಾರವಾಗಿ ಉಳಿದರು. ಭಾರತ 2015ರಲ್ಲಿ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ಶುರು ಮಾಡಿತಲ್ಲ, ಫೆಬ್ರುವರಿ 10ರಂದು? ನಮ್ಮ ಸರ್ಕಾರಿ ಶಾಲೆಗಳಲ್ಲಿ, ಅಂಗನವಾಡಿಗಳಲ್ಲಿ ಮಕ್ಕಳು ಅಗಿದು ನುಂಗುವ ಆ ಅಲ್ಬೆಂಡಜೋಲ್ ಮಾತ್ರೆಯ ಹಿಂದೆ ಇರುವ ವಾದಗಳಲ್ಲಿ ಬುಸಿಯಾದ್ದೂ ಒಂದು. ಹಾಸನದ ಮಗುವಿಗೂ ಬುಸಿಯಾದ ಮಗುವಿಗೂ ಹೀಗೆ ಒಂದು ನಂಟು ಇದೆ. ಇದು ಎರಡೂ ಕಡೆಯವರಿಗೆ ಗೊತ್ತಿಲ್ಲ.

ಬುಸಿಯಾದ ಪಕ್ಕದಲ್ಲೇ ಸಿಯಾಯಾ. ಇಲ್ಲಿ ನಡೆದದ್ದು ಹಣದ ಪ್ರಯೋಗ. ಬಡ ಮನೆಗಳಿಗೆ ಯಾವ ಷರತ್ತೂ ಇಲ್ಲದೆ, ಮೊಬೈಲ್‌ನ ಹಣ ವರ್ಗಾವಣೆ ವ್ಯವಸ್ಥೆ ಎಂ-ಪೆಸಾ ಮೂಲಕ, ಸುಮಾರು ಸಾವಿರ ಡಾಲರ್ ಕೊಟ್ಟರು. 653 ಹಳ್ಳಿಗಳ ಪೈಕಿ ಹತ್ತು ಸಾವಿರಕ್ಕೂ ಹೆಚ್ಚು ಮನೆಗಳಿಗೆ ಹಣ ಬಂತು. ಯಾವ ಮನೆ ಬಡ ಮನೆ? ಹುಲ್ಲಿನ ಸೂರು ಇದ್ದರೆ ಬಡ ಮನೆ, ಮಬಾಟಿ ಅಂದರೆ ತಗಡಿನ ಸೂರು ಇದ್ದರೆ ಅಲ್ಲ. ಹಣ ಬಂದ ಮೇಲೆ ಎಷ್ಟೋ ಜನ ಮೊದಲು ಮಾಡಿದ್ದೇ ತಗಡು ಹಾಕಿಸಿದ್ದು. ಹಣ ಕೈಗೆ ಬಂದರೆ ಬಡವರು ಕುಡಿದು ಹಾಳು ಮಾಡುತ್ತಾರೆ ಅನ್ನುವ ಮಾತು ಸುಳ್ಳಾಯಿತು. ಹಣ ಸಿಗದ ಅಕ್ಕಪಕ್ಕದ ಮನೆಗಳಿಗೂ, ಸಂತೆಯ ಅಂಗಡಿಗಳಿಗೂ ಲಾಭವಾಯಿತು. ಒಂದು ಡಾಲರ್ ಹೋದ ಕಡೆ ಸುಮಾರು ಎರಡೂವರೆ ಡಾಲರ್‌ನ ವ್ಯವಹಾರ ಹುಟ್ಟಿತು, ಬೆಲೆ ಏರಿದ್ದು ತೀರಾ ಅಲ್ಪ. 2025ರಲ್ಲಿ ಬಂದ ಇನ್ನೊಂದು ಪ್ರಬಂಧ, ಅದೇ ಹಳ್ಳಿಗಳ ಮಾಹಿತಿ ಇಟ್ಟುಕೊಂಡು, ಹಣ ಸಿಕ್ಕ ಮನೆಗಳಲ್ಲಿ ವರ್ಷ ತುಂಬುವ ಮೊದಲೇ ಸಾಯುವ ಕೂಸುಗಳ ಪ್ರಮಾಣ ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿದ್ದನ್ನು ತೋರಿಸಿತು.

ಆ ಕೊನೆಯ ವಾಕ್ಯವನ್ನು ಇನ್ನೊಮ್ಮೆ ಓದಿ. ಕೂಸುಗಳ ಸಾವು ಅರ್ಧಕ್ಕೆ ಇಳಿಯಿತು. ಇದು ಮೊದಲು ಗೊತ್ತಾಗಬೇಕಾದದ್ದು ಯಾರಿಗೆ? ಸಿಯಾಯಾದ ತಾಯಂದಿರಿಗೆ ಅಲ್ವಾ? ಅವರಿಗೆ ಅರ್ಥವಾಗುವ ಲುವೊ ಭಾಷೆಯಲ್ಲಿ, ಅವರ ಊರಿನ ಸಭೆಯಲ್ಲಿ?

ಸಮೀಕ್ಷೆ ಅಂದರೆ ಅಲ್ಲಿ ಹೇಗಿರುತ್ತದೆ ಅಂತ ನಿಮಗೊಂದು ಚಿತ್ರ ಕೊಡುತ್ತೇನೆ. ಒಂದು ಮಧ್ಯಾಹ್ನ. ಮಾವಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ. ನಮ್ಮ ತಂಡದ ಹುಡುಗ, ಕಿಸುಮು ಕಡೆಯವನು, ಪದವೀಧರ, ಟ್ಯಾಬ್ ಹಿಡಿದು ಕೂತಿದ್ದ. ಎದುರಿಗೆ ಒಮೆನಾ ಮಾರುವ ಹೆಂಗಸು. ಒಮೆನಾ ಅಂದರೆ ವಿಕ್ಟೋರಿಯಾ ಸರೋವರದ ಪುಟ್ಟ ಒಣಮೀನು. ಮೊದಲು ಒಪ್ಪಿಗೆ ಪತ್ರ ಓದಿದ. ಆಮೇಲೆ ಶುರು. ಕಳೆದ ಏಳು ದಿನದಲ್ಲಿ ಮೊಟ್ಟೆ ತಿಂದಿರಾ, ಎಷ್ಟು? ಸಕ್ಕರೆ? ಸೋಪು? ಯಾರಾದರೂ ಊಟ ಬಿಟ್ಟರಾ? ನಿದ್ದೆ ಬರುತ್ತಾ? ಗಂಡ ಹೊಡೆದನಾ? ಒಂದು ಗಂಟೆ ಆಯಿತು, ಎರಡು ಗಂಟೆ ಆಯಿತು. ಮೆಕ್ಕೆಜೋಳ ಎಷ್ಟು ಕಿಲೋ ಖರ್ಚಾಯಿತು ಅಂದಾಗ ಆಕೆ ಎದ್ದು ಹೋಗಿ ಒಳಗಿಂದ ಒಂದು ತಗಡಿನ ಡಬ್ಬ ತಂದಳು. ಗೊರೊಗೊರೊ ಅಂತಾರೆ ಅದಕ್ಕೆ. ನಮ್ಮ ಸೇರು ಇದ್ದ ಹಾಗೆ, ತುಂಬಿದರೆ ಸುಮಾರು ಎರಡು ಕಿಲೋ. ಇದರಲ್ಲಿ ಅಳೆಯೋದು ನಾನು, ಗೋಪುರ ಬರೋ ಹಾಗೆ ತುಂಬಿದರೆ ಒಂದು ಲೆಕ್ಕ, ಮಟ್ಟಸ ಮಾಡಿದರೆ ಇನ್ನೊಂದು ಲೆಕ್ಕ, ನಿನ್ನ ಕಿಲೋ ನನಗೆ ಗೊತ್ತಿಲ್ಲ ಅಂದಳು. ಹುಡುಗ ನನ್ನ ಮುಖ ನೋಡಿದ. ಟ್ಯಾಬಿನಲ್ಲಿ ಗೊರೊಗೊರೊ ಅನ್ನುವ ಆಯ್ಕೆ ಇತ್ತು. ಗೋಪುರವೋ ಮಟ್ಟಸವೋ ಅನ್ನುವುದು ಇರಲಿಲ್ಲ.

ಎಲ್ಲ ಮುಗಿದು, ಧನ್ಯವಾದಕ್ಕೆ ಅಂತ ಬಟ್ಟೆ ಸೋಪಿನ ಬಾರ್ ಕೊಟ್ಟಾಗ ಆಕೆ ಕೇಳಿದಳು: "ಮಗಾ, ಹಿಂದೆ ಬಂದವರೂ ಹೀಗೇ ಎಲ್ಲಾ ಬರೆದುಕೊಂಡು ಹೋದರು. ಅದು ಏನಾಯ್ತು?" ಹುಡುಗ "ವರದಿ ಆಗುತ್ತೆ ಮಾಮಾ" ಅಂದ. ಮಾಮಾ ಅಂದರೆ ಅಲ್ಲಿ ಅಮ್ಮ. "ಎಲ್ಲಿ?" ಅಂದಳು. ಅದಕ್ಕೆ ನಮ್ಮ ಪ್ರಶ್ನಾವಳಿಯಲ್ಲಿ ಉತ್ತರ ಇರಲಿಲ್ಲ.

ಎಲ್ಲಿ ಅನ್ನುವುದಕ್ಕೆ ಉತ್ತರ ನಿಮಗೂ ಗೊತ್ತು. ಇಂಗ್ಲಿಷಿನ ಜರ್ನಲ್‌ಗಳಲ್ಲಿ. ಅಮೆರಿಕದ ವಿಶ್ವವಿದ್ಯಾಲಯಗಳ ಸೆಮಿನಾರುಗಳಲ್ಲಿ. ಕೀನ್ಯಾದ ಕಾನೂನಿನ ಪ್ರಕಾರ ಸಂಶೋಧನೆಗೆ ನಕೋಸ್ಟಿ ಅನ್ನುವ ರಾಷ್ಟ್ರೀಯ ಆಯೋಗದ ಪರವಾನಗಿ ಬೇಕು. ಹೊರದೇಶದವರಾದರೆ ಅಲ್ಲಿನ ಒಂದು ಸಂಸ್ಥೆಯ ಜೊತೆ ನಂಟು ಇರಬೇಕು. ಕೆಲಸ ಮುಗಿದ ಮೇಲೆ ವರದಿಯ ಪ್ರತಿ ಆಯೋಗಕ್ಕೆ ಕೊಡಬೇಕು. ಇದೆಲ್ಲ ಒಳ್ಳೆಯದೇ. ಆದರೆ ಆ ಪ್ರತಿ ನೈರೋಬಿಯವರೆಗೆ ಹೋಗುತ್ತದೆ, ಸಿಯಾಯಾದ ಮಾವಿನ ಮರದವರೆಗೆ ಬರುವುದಿಲ್ಲ.

ವಾಪಸ್ ಹೇಳದೆ ಇದ್ದರೆ ಏನಾಗುತ್ತದೆ? 2015ರ ಸುಮಾರಿಗೆ ಹೋಮಾ ಬೇ ಜಿಲ್ಲೆಯಲ್ಲಿ ಇದೇ ಥರ ಷರತ್ತಿಲ್ಲದೆ ಹಣ ಕೊಡಲು ಹೋದಾಗ ಹತ್ತಿರ ಹತ್ತಿರ ಅರ್ಧದಷ್ಟು ಮನೆಗಳವರು ಬೇಡವೇ ಬೇಡ ಅಂದರು. ಸುಮ್ನೆ ಯಾರಾದರೂ ದುಡ್ಡು ಕೊಡುತ್ತಾರಾ, ಇದರಲ್ಲಿ ದೆವ್ವದ ಕೈವಾಡ ಇದೆ ಅಂತ ಸುದ್ದಿ ಹಬ್ಬಿತ್ತು. ಇದನ್ನು ಮೂಢನಂಬಿಕೆ ಅಂತ ತಳ್ಳಿಹಾಕಿದವರನ್ನು ನಾನು ನೋಡಿದ್ದೇನೆ. ನನಗೆ ಹಾಗೆ ಅನ್ನಿಸುವುದಿಲ್ಲ. ಬಂದವರು ಯಾಕೆ ಬಂದರು, ಏನು ತಿಳಿದುಕೊಂಡರು, ಯಾರಿಗೆ ಹೇಳಿದರು ಅಂತ ಯಾರೂ ವಿವರಿಸದ ಊರಿನಲ್ಲಿ ಅನುಮಾನವೇ ಬುದ್ಧಿವಂತಿಕೆ.

ಇನ್ನೊಂದು ನಷ್ಟ ಇದೆ, ಇದು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. 1989ರ ಡಿಸೆಂಬರ್‌ನಲ್ಲಿ ಕೀನ್ಯಾ ಸರ್ಕಾರ ತನ್ನ ಆಸ್ಪತ್ರೆ, ಆರೋಗ್ಯ ಕೇಂದ್ರಗಳಲ್ಲಿ ಶುಲ್ಕ ಹಾಕಿತು. ಸಾಲ ಕೊಟ್ಟವರ ಒತ್ತಡದ ಕಾಲ ಅದು, ಬಳಸುವವರು ಖರ್ಚಿನ ಪಾಲು ಹೊರಬೇಕು ಅನ್ನುವುದು ಆಗಿನ ಮಂತ್ರ. ನೈರೋಬಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಜರ್ಮಾನೊ ಎಂವಾಬು ಮತ್ತು ಅವರ ಜೊತೆಗಾರರು ಲೆಕ್ಕ ಹಾಕಿದರು. ಶುಲ್ಕ ಇದ್ದಾಗ ಬರುವ ರೋಗಿಗಳು ಸುಮಾರು ಅರ್ಧಕ್ಕೆ ಇಳಿದಿದ್ದರು. ಶುಲ್ಕ ತಾತ್ಕಾಲಿಕವಾಗಿ ನಿಲ್ಲಿಸಿದ ಮೇಲಿನ ಏಳು ತಿಂಗಳಲ್ಲಿ ಆರೋಗ್ಯ ಕೇಂದ್ರಗಳಿಗೆ ಬರುವವರು ಶೇ 41ರಷ್ಟು ಏರಿದರು. ಇದು ಪ್ರಕಟವಾದದ್ದು 1995ರಲ್ಲಿ. ಚಿಕ್ಕ ಶುಲ್ಕವೂ ಬಡವರನ್ನು ಬಾಗಿಲಿನಿಂದಲೇ ವಾಪಸ್ ಕಳಿಸುತ್ತದೆ ಅನ್ನೋದು ಕೀನ್ಯಾದವರಿಗೆ ಆಗಲೇ ಗೊತ್ತಿತ್ತು.

ಅದಾದ ಹತ್ತಕ್ಕೂ ಹೆಚ್ಚು ವರ್ಷದ ಮೇಲೆ, ಗರ್ಭಿಣಿಯರಿಗೆ ಸೊಳ್ಳೆ ಪರದೆ ಉಚಿತವಾಗಿ ಕೊಡಬೇಕೋ ಬೆಲೆ ಇಡಬೇಕೋ ಅಂತ ಜಗತ್ತಿನ ದೊಡ್ಡ ಸಂಸ್ಥೆಗಳು ಜಗಳವಾಡುತ್ತಿದ್ದವು. ದುಡ್ಡು ಕೊಟ್ಟು ತಂದರೆ ಮಾತ್ರ ಜನ ಬಳಸುತ್ತಾರೆ ಅನ್ನುವುದು ಒಂದು ಗುಂಪಿನ ಹಟ. ಆಗ ಜೆಸಿಕಾ ಕೋಹೆನ್ ಮತ್ತು ಪಾಸ್ಕಲೀನ್ ದ್ಯೂಪಾ ಅದೇ ಪಶ್ಚಿಮ ಕೀನ್ಯಾದ ಕ್ಲಿನಿಕ್‌ಗಳಲ್ಲಿ ಪ್ರಯೋಗ ಮಾಡಿ ತೋರಿಸಿದರು: ಅರ್ಧ ಡಾಲರಿಗಿಂತ ಸ್ವಲ್ಪ ಜಾಸ್ತಿ ಬೆಲೆ ಇಟ್ಟರೂ ತೆಗೆದುಕೊಳ್ಳುವವರು ಅರ್ಧಕ್ಕಿಂತ ಕಡಿಮೆಯಾಗುತ್ತಾರೆ, ಉಚಿತವಾಗಿ ಪಡೆದವರೂ ಅಷ್ಟೇ ಚೆನ್ನಾಗಿ ಬಳಸುತ್ತಾರೆ. ಚೊಕ್ಕ ಕೆಲಸ ಅದು. ಅದರಿಂದ ಎಷ್ಟೋ ಜೀವ ಉಳಿದಿರಬೇಕು. ನನ್ನ ಸಂಕಟ ಬೇರೆ. ಅದರ ಹೆಸರು ಇವತ್ತು ಪ್ರಪಂಚದ ಅರ್ಥಶಾಸ್ತ್ರ ತರಗತಿಗಳಲ್ಲೆಲ್ಲ ಕೇಳುತ್ತದೆ. ಎಂವಾಬು ಹೆಸರು ನಮ್ಮಲ್ಲಿ ಎಷ್ಟು ಜನರ ಕಿವಿಗೆ ಬಿದ್ದಿದೆ? ಎರಡೂ ಅಧ್ಯಯನಗಳು ಒಂದೇ ಅಲ್ಲ, ವಿಧಾನ ಬೇರೆ, ವಸ್ತು ಬೇರೆ, ನಿಜ. ಆದರೂ ಆ ದೇಶದವರೇ ಆ ದೇಶದ ದುಡ್ಡಿನ ಕಷ್ಟದ ನಡುವೆ ಮಾಡಿದ ಕೆಲಸವನ್ನು ಮೊದಲು ಓದಿ, ಅದರ ಮೇಲೆ ಕಟ್ಟುವ ಅಭ್ಯಾಸ ಇದ್ದಿದ್ದರೆ ಎಷ್ಟು ವರ್ಷ ಉಳಿಯುತ್ತಿತ್ತು ಅಂತ ಯೋಚಿಸಿ.

ಅಲ್ಲಿ ಸಂಶೋಧನೆಯ ಪರಂಪರೆಯೇ ಇಲ್ಲ, ನಾವು ಹೋಗಿ ಶುರು ಮಾಡುತ್ತಿದ್ದೇವೆ ಅನ್ನುವ ಭಾವನೆ ಹೊಸದಾಗಿ ಹೋದವರಿಗೆ ಬರುತ್ತದೆ. ದಯವಿಟ್ಟು ಅದನ್ನು ಬಿಡಿ. ನೈರೋಬಿ ವಿಶ್ವವಿದ್ಯಾಲಯದ ಅಭಿವೃದ್ಧಿ ಅಧ್ಯಯನ ಸಂಸ್ಥೆ 1965ರಿಂದ ಇದೆ. ಆಫ್ರಿಕಾದ ಅರ್ಥಶಾಸ್ತ್ರಜ್ಞರಿಗೆ ತರಬೇತಿ ಕೊಡುವ ಎ.ಇ.ಆರ್.ಸಿ. 1988ರಿಂದ ನೈರೋಬಿಯಲ್ಲೇ ಇದೆ. ಸರ್ಕಾರಕ್ಕೆ ನೀತಿ ಸಲಹೆ ಕೊಡುವ ಕಿಪ್ರಾ ಇದೆ. ಅಂಕಿಅಂಶ ಬ್ಯೂರೋ ಪ್ರತಿ ವರ್ಷ ದಪ್ಪನೆಯ ಆರ್ಥಿಕ ಸಮೀಕ್ಷೆ ತರುತ್ತದೆ. ಎಂ-ಪೆಸಾದಿಂದ 1,94,000 ಮನೆಗಳು ಬಡತನದಿಂದ ಮೇಲೆ ಬಂದವು ಅಂತ 2016ರಲ್ಲಿ ತೋರಿಸಿದ ಇಬ್ಬರಲ್ಲಿ ಒಬ್ಬರಾದ ತವನೀತ್ ಸೂರಿ ಕೀನ್ಯಾದವರೇ. ಜನರಿಗೆ ಕೊರತೆ ಇಲ್ಲ. ಕೊರತೆ ಇರುವುದು ಹಣಕ್ಕೆ. 2013ರ ಕಾಯ್ದೆ ದೇಶದ ಒಟ್ಟು ಉತ್ಪನ್ನದ ಶೇ 2ರಷ್ಟನ್ನು ಸಂಶೋಧನೆಗೆ ಇಡಬೇಕು ಅನ್ನುತ್ತದೆ. ಅಷ್ಟು ಹಣ ಬಂದಿಲ್ಲ. ಹಾಗಾಗಿ ಹಣ ಹೊರಗಿಂದ ಬರುತ್ತದೆ, ಹಣದ ಜೊತೆ ಪ್ರಶ್ನೆಯೂ ಹೊರಗಿಂದಲೇ ಬರುತ್ತದೆ.

ಪ್ರಶ್ನೆ ಎಲ್ಲಿಂದ ಬರುತ್ತದೆ ಅನ್ನುವುದು ಯಾಕೆ ಮುಖ್ಯ ಅಂತ ಹೇಳಲು ಸ್ವಲ್ಪ ಹಿಂದೆ ಹೋಗಬೇಕು. ಸ್ವಾತಂತ್ರ್ಯ ಬಂದು ಎರಡು ವರ್ಷಕ್ಕೆ, 1965ರಲ್ಲಿ, ಕೀನ್ಯಾ ಸರ್ಕಾರ ಒಂದು ನೀತಿ ಪತ್ರ ತಂದಿತು. ಸೆಷನಲ್ ಪೇಪರ್ ನಂಬರ್ 10 ಅಂತಲೇ ಎಲ್ಲರೂ ಕರೆಯುತ್ತಾರೆ. ಟಾಮ್ ಎಂಬೋಯಾ ಆಗ ಯೋಜನಾ ಸಚಿವರು. ಇರುವ ಸ್ವಲ್ಪ ಹಣವನ್ನು ಒಳ್ಳೆ ನೆಲ, ಒಳ್ಳೆ ಮಳೆ, ರಸ್ತೆ, ವಿದ್ಯುತ್ ಇರುವ ಕಡೆ ಹಾಕಿದರೆ ಬೆಳೆ ಬೇಗ ಬರುತ್ತದೆ, ಆಮೇಲೆ ಉಳಿದವರಿಗೆ ಹಂಚಬಹುದು ಅನ್ನುವುದು ಅದರ ಲೆಕ್ಕ. ಅರ್ಥಶಾಸ್ತ್ರದ ಪುಸ್ತಕದಲ್ಲಿ ಅದು ತಪ್ಪೇನೂ ಕಾಣುವುದಿಲ್ಲ. ಅದೇ ವರ್ಷ ಹಾರ್ವರ್ಡ್‌ನಲ್ಲಿ ಓದಿ ಬಂದಿದ್ದ ಒಬ್ಬ ಯುವ ಅರ್ಥಶಾಸ್ತ್ರಜ್ಞ ಅದನ್ನು ಖಾರವಾಗಿ ವಿಮರ್ಶಿಸಿ, ಸಂಪತ್ತು ಕೆಲವರ ಕೈಯಲ್ಲೇ ಸೇರಿಹೋಗುವುದನ್ನು ತಡೆಯುವ ಬಗ್ಗೆ ಇದರಲ್ಲಿ ಸಾಕಷ್ಟು ಯೋಚನೆ ಇಲ್ಲ ಅಂತ ಬರೆದ. ಅವನ ಹೆಸರು ಬರಾಕ್ ಒಬಾಮಾ, ಮುಂದೆ ಅಮೆರಿಕದ ಅಧ್ಯಕ್ಷರಾದವರ ತಂದೆ. ಅವನ ಮನೆತನದ ಊರು ಕೊಗೆಲೊ ಇರುವುದು ಇದೇ ಸಿಯಾಯಾದಲ್ಲಿ.

ಹಂಚುವ ದಿನ ಬರಲಿಲ್ಲ. ಉತ್ತರದ ಒಣ ನಾಡು, ದನ ಒಂಟೆ ಮೇಯಿಸುವವರ ನಾಡು, ಹಿಂದೆಯೇ ಉಳಿಯಿತು. ಐವತ್ತು ವರ್ಷದ ಮೇಲೆ, 2015-16ರ ಸಮೀಕ್ಷೆಯಲ್ಲಿ, ನೈರೋಬಿಯಲ್ಲಿ ಬಡವರು ಶೇ 16.7, ತುರ್ಕಾನಾದಲ್ಲಿ ಶೇ 79.4. ನಂಜುಂಡಪ್ಪ ಸಮಿತಿಯ ವರದಿ ಓದಿದ ಕಲ್ಯಾಣ ಕರ್ನಾಟಕದವರಿಗೆ ಈ ಕಥೆಯ ದಾರಿ ಹೊಸದೇನಲ್ಲ. ಈ ಅನ್ಯಾಯ ತಿದ್ದಲಿಕ್ಕೆ ಅಂತಲೇ 2010ರ ಸಂವಿಧಾನ 47 ಕೌಂಟಿಗಳನ್ನು, ಅಂದರೆ ಜಿಲ್ಲೆಯಂಥ ಆಡಳಿತ ಘಟಕಗಳನ್ನು, ಮಾಡಿ, ಹಿಂದುಳಿದ ಕಡೆಗೆ ಪ್ರತ್ಯೇಕ ಸಮಾನತಾ ನಿಧಿ ಇಟ್ಟಿತು.

ಈಗ ನಮ್ಮ ಸಂಶೋಧನೆಯ ನಕ್ಷೆ ನೋಡಿ. ಪ್ರಯೋಗದ ಮೇಲೆ ಪ್ರಯೋಗ ನಡೆದದ್ದು ಬುಸಿಯಾ, ಸಿಯಾಯಾ, ಕಿಸುಮು ಸುತ್ತ. ಅಲ್ಲಿ ರಸ್ತೆ ಇದೆ, ಜನ ಒತ್ತಾಗಿ ಇದ್ದಾರೆ, ಕಚೇರಿ ಇದೆ, ತರಬೇತಿ ಪಡೆದ ತಂಡ ಸಿಗುತ್ತದೆ. ಉತ್ತರದ ನಾಲ್ಕು ಕೌಂಟಿಗಳಲ್ಲಿ ಹಸಿವಿನ ವಿರುದ್ಧದ ಹಣ ಯೋಜನೆಯ ಮೌಲ್ಯಮಾಪನದಂಥ ಕೆಲವು ದೊಡ್ಡ ಕೆಲಸ ನಡೆದಿದೆ, ಆದರೆ ಪಶ್ಚಿಮಕ್ಕೆ ಹೋಲಿಸಿದರೆ ಬಹಳ ಕಡಿಮೆ. 1965ರ ಪತ್ರ ಹಣವನ್ನು ಸುಲಭದ ಕಡೆಗೆ ಕಳಿಸಿತು. ನಾವು ಪ್ರಶ್ನೆಗಳನ್ನು ಸುಲಭದ ಕಡೆಗೆ ಕಳಿಸುತ್ತಿದ್ದೇವೆ. ನಿಮಗೆ ಆಯ್ಕೆ ಇದ್ದರೆ ಗರಿಸಾ, ವಜೀರ್, ಮಾರ್ಸಾಬಿತ್ ಕಡೆಯ ಯೋಜನೆ ಕೇಳಿ ಹಾಕಿಸಿಕೊಳ್ಳಿ.

ಒಪ್ಪಿಗೆ ಪತ್ರದ ಬಗ್ಗೆಯೂ ಒಂದು ಮಾತು. 2020ರಲ್ಲಿ ನೈರೋಬಿಯ ಕಯೋಲೆ-ಸೊವೆಟೊ ಬಡಾವಣೆಯ ಒಂದು ಅಧ್ಯಯನ ದೊಡ್ಡ ಗಲಾಟೆಗೆ ಕಾರಣವಾಯಿತು. ನೀರಿನ ಬಿಲ್ ಬಾಕಿ ಉಳಿಸಿಕೊಂಡ ಮನೆ ಮಾಲೀಕರಲ್ಲಿ ಕೆಲವರನ್ನು ಚೀಟಿ ಎತ್ತಿದ ಹಾಗೆ ಆರಿಸಿ, ಕಟ್ಟದಿದ್ದರೆ ಸಂಪರ್ಕ ಕತ್ತರಿಸುತ್ತೇವೆ ಅಂತ ಎಚ್ಚರಿಕೆ ಕೊಟ್ಟು, ಕಟ್ಟದವರದ್ದನ್ನು ಕತ್ತರಿಸಿದರು. ಬಾಕಿ ಮಾಲೀಕರದ್ದು, ನೀರಿಲ್ಲದೆ ಕೂತವರು ಬಾಡಿಗೆಯವರು. ಕತ್ತರಿಸುವುದು ನೀರಿನ ಕಂಪನಿಯ ಮಾಮೂಲಿ ನಿಯಮವೇ ಆಗಿತ್ತು ಅಂತ ಸಂಶೋಧಕರು ವಿವರಣೆ ಕೊಟ್ಟರು. ನನಗೆ ಅದು ಸಾಕಾಗುವುದಿಲ್ಲ. ಆ ಬಾಡಿಗೆಯವರಲ್ಲಿ ಒಬ್ಬರನ್ನು ಕೂರಿಸಿಕೊಂಡು, ಹೀಗೆ ಮಾಡಬಹುದಾ ಅಂತ ಮೊದಲೇ ಕೇಳಿದ್ದರೆ ಏನು ಹೇಳುತ್ತಿದ್ದರು ಅಂತ ನೀವೇ ಊಹಿಸಿ. ಪ್ರಶ್ನೆ ಮಾಡುವ ಹಂತದಲ್ಲೇ ಅಲ್ಲಿಯವರು ಇರಬೇಕು ಅನ್ನುವುದು ಇದಕ್ಕೇ.

ಜನರಿಗೆ ಇಂಥ ವಿಷಯ ಬೇಕಿಲ್ಲ, ಅರ್ಥವಾಗುವುದಿಲ್ಲ, ತಲೆಕೆಡಿಸಿಕೊಳ್ಳುವುದಿಲ್ಲ ಅನ್ನುವ ಮಾತು ನೀವು ಕಚೇರಿಗಳಲ್ಲಿ ಕೇಳುತ್ತೀರಿ. 2024ರ ಜೂನ್ ಅದಕ್ಕೆ ಉತ್ತರ. ಆ ವರ್ಷದ ಹಣಕಾಸು ಮಸೂದೆಯಲ್ಲಿ ಬ್ರೆಡ್ಡಿನ ಮೇಲೆ ಶೇ 16 ತೆರಿಗೆ, ವಾಹನದ ಬೆಲೆಯ ಮೇಲೆ ವರ್ಷಕ್ಕೆ ಶೇ 2.5 ತೆರಿಗೆ, ಹೀಗೆ ಬಹಳಷ್ಟು ಇತ್ತು. ಕಾನೂನಿನ ಇಂಗ್ಲಿಷಿನಲ್ಲಿದ್ದ ಆ ದಪ್ಪ ಮಸೂದೆಯನ್ನು ಹುಡುಗ ಹುಡುಗಿಯರು ತಾವೇ ಕೂತು ಓದಿದರು. ಸ್ವಾಹಿಲಿಗೆ, ಊರ ಭಾಷೆಗಳಿಗೆ ಬಿಡಿಸಿ ವಿಡಿಯೊ ಮಾಡಿ ಹಂಚಿದರು. ಅಪ್ಪ ಅಮ್ಮನಿಗೆ, ಬೋಡಾ ಬೋಡಾ ಅನ್ನುವ ಬೈಕ್ ಟ್ಯಾಕ್ಸಿಯವರಿಗೆ, ಸಂತೆಯ ಹೆಂಗಸರಿಗೆ ಯಾವ ತೆರಿಗೆ ಯಾರ ಜೇಬಿಗೆ ಕತ್ತರಿ ಅಂತ ಗೊತ್ತಾಯಿತು. ಬೀದಿಗೆ ಬಂದರು. ಹಲವರು ಜೀವ ಕಳೆದುಕೊಂಡರು, ಅವರ ಮನೆಯವರ ದುಃಖ ಇನ್ನೂ ಆರಿಲ್ಲ. ಜೂನ್ 26ರಂದು ಅಧ್ಯಕ್ಷ ವಿಲಿಯಂ ರೂಟೊ ಮಸೂದೆಗೆ ಸಹಿ ಹಾಕುವುದಿಲ್ಲ ಅಂದರು. ತೆರಿಗೆ ನೀತಿಯನ್ನು ಜನರ ಭಾಷೆಯಲ್ಲಿ ಬಿಡಿಸಿ ಹೇಳುವ ಕೆಲಸವನ್ನು ಇಪ್ಪತ್ತರ ಹರೆಯದವರು ಬಿಡಿಗಾಸು ಇಲ್ಲದೆ ಮಾಡಿದರು. ಲಕ್ಷಾಂತರ ಡಾಲರ್ ಬಜೆಟ್ ಇರುವ ಯೋಜನೆಗಳಿಂದ ಅದರ ನೂರರಲ್ಲಿ ಒಂದು ಪಾಲು ಆಗುವುದಿಲ್ಲ ಅಂದರೆ ನಾನು ನಂಬುವುದಿಲ್ಲ.

ಹಾಗಾದರೆ ನೀವು ಏನು ಮಾಡಬಹುದು? ಕೆಲಸಕ್ಕೆ ಸೇರಿದ ಮೊದಲ ವಾರವೇ ಯೋಜನೆಯ ಬಜೆಟ್ ಹಾಳೆ ಕೇಳಿ ನೋಡಿ. ಅದರಲ್ಲಿ ವಾಹನಕ್ಕೆ, ಟ್ಯಾಬಿಗೆ, ವಿಮಾನಕ್ಕೆ, ಸಮ್ಮೇಳನಕ್ಕೆ ಸಾಲು ಇರುತ್ತದೆ. ಸಮೀಕ್ಷೆ ನಡೆದ ಹಳ್ಳಿಗಳಿಗೆ ವಾಪಸ್ ಹೋಗಿ ಫಲಿತಾಂಶ ಹೇಳುವ ಸಾಲು ಇದೆಯಾ ನೋಡಿ. ಇಲ್ಲದಿದ್ದರೆ ಸೇರಿಸಿ ಅಂತ ಮೇಲಿನವರಿಗೆ ಬರೆಯಿರಿ. ದೊಡ್ಡ ಖರ್ಚಲ್ಲ ಅದು. ಊರ ಮುಖ್ಯಸ್ಥ ಕರೆಯುವ ಬರಾಜಾ ಸಭೆ ಅಲ್ಲಿ ಮೊದಲಿಂದ ಇದೆ, ಸಮೀಕ್ಷೆಗೆ ಒಪ್ಪಿಗೆ ಕೇಳಲು ನಾವೇ ಅದನ್ನು ಬಳಸುತ್ತೇವೆ. ಅದೇ ಸಭೆಯಲ್ಲಿ ಫಲಿತಾಂಶವನ್ನೂ ಹೇಳಬಹುದು. ಲುವೊ ಭಾಷೆಯ ರೇಡಿಯೊ ಕೇಂದ್ರಗಳಿವೆ, ಹೆಂಗಸರ ಉಳಿತಾಯದ ಚಾಮಾ ಗುಂಪುಗಳಿವೆ. ಎರಡು ಪುಟದ ಚೀಟಿ, ಒಂದು ಚಿತ್ರ, ಪ್ರಶ್ನೆ ಕೇಳಲು ಅರ್ಧ ದಿನ, ಅಷ್ಟು ಸಾಕು. ಫಲಿತಾಂಶ ಹೇಳಿದಾಗ ಜನ ನಿಮ್ಮ ಲೆಕ್ಕವನ್ನು ತಿದ್ದುತ್ತಾರೆ. ಗೋಪುರವೋ ಮಟ್ಟಸವೋ ಅನ್ನುವಂಥದ್ದು ಆಗಲೇ ಹೊರಗೆ ಬರುವುದು.

ಇನ್ನು, ಟ್ಯಾಬ್ ಹಿಡಿದು ಬಿಸಿಲಲ್ಲಿ ಓಡಾಡುವ ಆ ಹುಡುಗ ಹುಡುಗಿಯರ ವಿಷಯ. ಅವರಲ್ಲಿ ಎಷ್ಟೋ ಜನ ನಿಮ್ಮಷ್ಟೇ ಓದಿದವರು. ಕೆಲವು ತಿಂಗಳ ಒಪ್ಪಂದ, ಮುಗಿದ ಮೇಲೆ ಇನ್ನೊಂದು ಯೋಜನೆಗೆ ಕಾಯುವುದು. ಯಾವ ಪ್ರಶ್ನೆಗೆ ಜನ ಸುಳ್ಳು ಹೇಳುತ್ತಾರೆ, ಯಾವುದಕ್ಕೆ ಅಳುತ್ತಾರೆ ಅಂತ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿರುವುದು ಅವರಿಗೇ. ಪ್ರಬಂಧದ ಕೊನೆಯಲ್ಲಿ ಕೃತಜ್ಞತೆಯ ಅರ್ಧ ಸಾಲಿನಲ್ಲಿ ಅವರನ್ನು ಮುಗಿಸಬೇಡಿ. ಪ್ರಶ್ನಾವಳಿ ಬರೆಯುವಾಗ ಕೂರಿಸಿಕೊಳ್ಳಿ. ಲೆಕ್ಕ ಮಾಡುವ ಸಾಫ್ಟ್‌ವೇರ್ ಕಲಿಸಿ. ಮುಂದೆ ಓದಲು ಅರ್ಜಿ ಹಾಕುವಾಗ ಶಿಫಾರಸು ಪತ್ರ ಬರೆಸಿ ಕೊಡಿ.

ಹಣ ಕೊಡುವವರಿಗೂ ಒಂದು ಬೇಡಿಕೆ. ಕೀನ್ಯಾದ ವಿಶ್ವವಿದ್ಯಾಲಯದ ಸಂಶೋಧಕರು ಮುಂದಾಳಾಗಿ ಇಲ್ಲದ ಯೋಜನೆಗೆ ಹಣ ಕೊಡುವ ಮುಂಚೆ, ಯಾಕೆ ಇಲ್ಲ ಅಂತ ಬರವಣಿಗೆಯಲ್ಲಿ ಕಾರಣ ಕೇಳಿ. ಹೆಸರಿಗೊಬ್ಬರನ್ನು ಸೇರಿಸಿಕೊಂಡರೆ ಸಾಲದು. ಪ್ರಶ್ನೆ ಯಾರು ಬರೆದರು ಅಂತ ಕೇಳಿ. ಹಳ್ಳಿಗೆ ವಾಪಸ್ ಹೋಗಿ ಹೇಳಿದ ದಾಖಲೆ ಕೊಟ್ಟ ಮೇಲೆ ಮಾತ್ರ ಕೊನೆಯ ಕಂತು ಬಿಡುಗಡೆ ಮಾಡಿ.

ಈ ಪತ್ರ ಓದಿದವರಲ್ಲಿ ಯಾರಾದರೂ ಮುಂದಿನ ತಿಂಗಳು ಕಿಸುಮುಗೆ ಹೊರಟಿದ್ದರೆ, ಹೊರಡುವ ಮೊದಲು ಎಂವಾಬು ಅವರ 1995ರ ಪ್ರಬಂಧ ಮತ್ತು 1965ರ ಆ ನೀತಿ ಪತ್ರ ಎರಡನ್ನೂ ಓದಿಕೊಂಡು ಹೋಗಿ. ಸ್ವಾಹಿಲಿ ಒಂದಿಷ್ಟು ಕಲಿಯಿರಿ, ಸಿಯಾಯಾಗೆ ಹೋಗುವವರು ಲುವೊ ಕೂಡ. ಹಳ್ಳಿಗೆ ಫಲಿತಾಂಶ ತಲುಪಿಸಿದ ಯೋಜನೆ ನಿಮಗೆ ಗೊತ್ತಿದ್ದರೆ, ಹೇಗೆ ಮಾಡಿದರು, ಎಷ್ಟು ಖರ್ಚಾಯಿತು ಅಂತ ಕನ್ನಡದಲ್ಲಿ ಬರೆದು ಎಲ್ಲರಿಗೂ ತಿಳಿಸಿ. ಮುಂದೆ ಹೋಗುವವರು ಅದನ್ನೇ ತೋರಿಸಿ ತಮ್ಮ ಯೋಜನೆಯ ಬಜೆಟ್ಟಿನಲ್ಲಿ ಆ ಸಾಲು ಕೇಳಬಹುದು.

ಇಂತಿ,
ಪಶ್ಚಿಮ ಕೀನ್ಯಾದಲ್ಲಿ ಸಮೀಕ್ಷೆಯ ಕೆಲಸ ಮಾಡಿದ ಒಬ್ಬ ಕನ್ನಡಿಗ